ಸದ್ದು ಮಾಡದ ಇಟ್ಟಿಗೆ

ಇಟ್ಟಿಗೆ ಗೂಡಿನ ಗೇಟು ದಾಟಿದ ಕೂಡಲೇ ಎಡಗಡೆ ಒಂದು ಕಪ್ಪು ಗುಡ್ಡೆ ಬಿದ್ದುಕೊಂಡಿತ್ತು. ಇಟ್ಟಿಗೆಗಳು ಕರಗಿ, ಒಂದಕ್ಕೊಂದು ಅಂಟಿ, ಗಾಜಿನ ಹಾಗೆ ಮಿಂಚುತ್ತ ಗಟ್ಟಿಯಾಗಿ ಹೋಗಿದ್ದ ಗುಡ್ಡೆ. ಒಡೆಯಲು ಹೋದವರ ಸುತ್ತಿಗೆಯ ಹಿಡಿ ಮುರಿಯಿತೇ ಹೊರತು ಅದು ಜಪ್ಪಯ್ಯ ಅನ್ನಲಿಲ್ಲ. ಅಂಗಳದವರೆಲ್ಲ ಅದಕ್ಕೆ ‘ಕೆಂಡಕ್ಕನ ಮಹಲು’ ಅಂತ ಹೆಸರಿಟ್ಟಿದ್ದರು. ಲಾರಿಯವರು ಬಂದರೆ ಅದರ ಮೇಲೆ ಆರಾಮಾಗಿ ಕೂತು, "ಅಕ್ಕಾ, ಮಹಲಿಗೆ ಬಾಡಿಗೆ ಎಷ್ಟು?" ಅಂತ ಕೇಳುತ್ತಿದ್ದರು. "ನಿನ್ನ ಕೈಲಾಗೋ ಬಾಡಿಗೆ ಅಲ್ಲ, ಎದ್ದೇಳು" ಅನ್ನುತ್ತಿದ್ದಳು ಕೆಂಡಕ್ಕ. ಒಂದು ದಿನವೂ ತಲೆ ತಗ್ಗಿಸಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಬೆಂಕಿಯ ಕೆಲಸದಿಂದಲೋ ಬಾಯಿಯಿಂದಲೋ, ಯಾರೂ ಖಚಿತವಾಗಿ ಹೇಳಲಾರರು. ಗೂಡು ಅವಳ ಅಪ್ಪನದು. ಅಪ್ಪನ ತಂಗಿ, ಅಂದರೆ ಅತ್ತೆ, ಚಿಕ್ಕಂದಿನಿಂದ ಅಲ್ಲಿ ಅಚ್ಚಿಗೆ ಮಣ್ಣು ತುಂಬಿದವಳು, ಇಟ್ಟಿಗೆ ಹೊತ್ತವಳು. ಹೊತ್ತೂ ಹೊತ್ತೂ ಅವಳ ಕುತ್ತಿಗೆ ಒಂದು ಕಡೆಗೆ ವಾಲಿಬಿಟ್ಟಿತ್ತು. ಯಾರನ್ನು ನೋಡಿದರೂ ಸಂಶಯದಿಂದ ನೋಡಿದ ಹಾಗೆ ಕಾಣುತ್ತಿತ್ತು. "ನನಗೇನು ನಿಮ್ಮ ಮೇಲೆ ಅನುಮಾನ ಇಲ್ಲಪ್ಪ, ಕುತ್ತಿಗೆ ಇರೋದೇ ಹೀಗೆ" ಅಂತ ಹೊಸಬರಿಗೆಲ್ಲ ಅವಳೇ ಮೊದಲು ಹೇಳಿಬಿಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಕೆಂಡಕ್ಕನಿಗೆ ಮಾತ್ರ ಆ ನಗು ಯಾವತ್ತೂ ಬರಲಿಲ್ಲ.

ಗೂಡಿನ ಹಿಂದಿನ ಮಣ್ಣಿನ ಗುಂಡಿ ತಳ ಕಾಣುತ್ತ ಬಂದಿತ್ತು. ಒಳ್ಳೆಯ ಜಿಗಟು ಮಣ್ಣು ಮುಗಿದು ಕಲ್ಲುಕಲ್ಲಾದ ಗರಸು ಸಿಗತೊಡಗಿತ್ತು. ಗುಂಡಿಯ ಆಚೆ ಬೇರೆಯವರ ಹೊಲ. ಅವರು ಮಣ್ಣು ಕೊಡುವವರಲ್ಲ, ಯಾಕೆ ಕೊಡಬೇಕು? ಮೇಲ್ಮಣ್ಣು ಹೋದರೆ ಹೊಲ ಹೋಯಿತು. ಇದನ್ನು ನೋಡಿ ಕೆಂಡಕ್ಕನ ಅಣ್ಣ, ಗೂಡು ಮುಚ್ಚಿ ಜಾಗ ಸಮ ಮಾಡಿ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡೋಣ ಅಂತ ಹಠ ಹಿಡಿದಿದ್ದ. ಅಪ್ಪ ಹ್ಞೂಂ ಅನ್ನುವ ಮೊದಲೇ ಅಂಗಳದ ತುಂಬ ಗೂಟ ಹೊಡೆದು ಹಗ್ಗ ಎಳೆದಿದ್ದ. ಯಾವ ಲಾರಿ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ಎಲ್ಲ ಅವನ ತಲೆಯಲ್ಲಿ ಸಿದ್ಧವಾಗಿತ್ತು. ಅಪ್ಪ ಬದುಕಿರುವಾಗಲೇ ಅಂಗಳಕ್ಕೆ ಎಳ್ಳುನೀರು ಬಿಟ್ಟ ಭೂಪ!

ಗೂಡಿನ ಇನ್ನೊಂದು ಬದಿಗೆ ಅಕ್ಕಿ ಗಿರಣಿ. ಅದರ ಹೊಟ್ಟು ಗೋಡೆ ಎತ್ತರಕ್ಕೆ ರಾಶಿ ಬಿದ್ದಿರುತ್ತಿತ್ತು. ಗಾಳಿ ಬೀಸಿದರೆ ಕಣ್ಣಿಗೆ, ತಲೆಗೂದಲಿಗೆ, ಊಟದ ತಟ್ಟೆಗೆ. ಗಿರಣಿಯವರು ಅದಕ್ಕೆ ಬೆಂಕಿ ಇಟ್ಟರೆ ದಿನಗಟ್ಟಲೆ ಹೊಗೆ. ಕೆಂಡಕ್ಕ ಒಂದು ದಿನ ಕಣ್ಣುಜ್ಜಿಕೊಳ್ಳುತ್ತ ಆ ರಾಶಿಯನ್ನು ಬೈಯುತ್ತ ನಿಂತವಳು ಬೈಗುಳ ಅರ್ಧಕ್ಕೇ ನಿಲ್ಲಿಸಿದಳು. ಇದನ್ನೇ ಮಣ್ಣಿಗೆ ಕಲಸಿದರೆ? ಗೂಡಿನಲ್ಲಿ ಹೊಟ್ಟು ಉರಿದು ಹೋಗುತ್ತದೆ. ಅದಿದ್ದ ಕಡೆಯೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತದೆ. ಇಟ್ಟಿಗೆ ಹಗುರಾಗುತ್ತದೆ, ಮಣ್ಣೂ ಉಳಿಯುತ್ತದೆ, ಅತ್ತೆಯ ಹಾಗೆ ಇನ್ನೊಬ್ಬಳ ಕುತ್ತಿಗೆ ವಾಲುವುದಿಲ್ಲ.

ಸರಿ, ಕಲಸಿದಳು. ಗೂಡು ಜೋಡಿಸಿದಳು. ಸೌದೆ ಮಾತ್ರ ಅಪ್ಪನ ಲೆಕ್ಕದಲ್ಲೇ ಹಾಕಿದಳು, ಯಾಕೆಂದರೆ ಅಪ್ಪನ ಸೌದೆಯ ಲೆಕ್ಕವನ್ನು ಆ ಅಂಗಳದಲ್ಲಿ ಯಾರೂ ಮೀರಿದವರಿಲ್ಲ. ಎಡವಟ್ಟಾದದ್ದು ಅಲ್ಲೇ. ಹೊಟ್ಟೆಯೊಳಗೆ ಸೌದೆ ಇಟ್ಟುಕೊಂಡೇ ಗೂಡಿಗೆ ಹೋದ ಇಟ್ಟಿಗೆಗೆ ಹೊರಗಿನಿಂದಲೂ ಅಷ್ಟೇ ಬೆಂಕಿ ಕೊಟ್ಟರೆ ಏನಾಗುತ್ತದೆ? ಮಹಲಾಗುತ್ತದೆ! ಗೂಡು ಬಿಚ್ಚಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಇನ್ನೊಂದು ಸಲ ಸುಡ್ತೀನಿ" ಅಂದಳು ಕೆಂಡಕ್ಕ.

"ಇನ್ನೊಂದು ಮಹಲಾ? ಹೌಸಿಂಗ್ ಸೊಸೈಟಿ ಮಾಡ್ತೀಯಾ?" ಅಂದ ಅಣ್ಣ.

ಅವತ್ತು ಮನೆಯ ಹೊಸ್ತಿಲಲ್ಲಿ ಕೂತು ಅಪ್ಪ ಇಬ್ಬರ ಮುಖವನ್ನೂ ತುಂಬ ಹೊತ್ತು ನೋಡಿದ. ಆಮೇಲೆ ಒಂದೇ ಮಾತಿನಲ್ಲಿ ಮುಗಿಸಿದ. "ಇನ್ನೊಂದು ಗೂಡು ಸುಡು ಮಗಳೇ. ನಮ್ಮ ಹತ್ರ ಇಟ್ಟಿಗೆ ಕೊಳ್ಳೋ ಮೇಸ್ತ್ರಿ ಬಂದು ನೋಡಲಿ. ಅವನು ಒಪ್ಪಿ ತಗೊಂಡ್ರೆ ಗೂಡು ನಿಂದು. ಒಪ್ಪದೇ ಹೋದ್ರೆ ನಿಮ್ಮಣ್ಣ ಲಾರಿನಾದ್ರೂ ನಿಲ್ಲಿಸಲಿ, ವಿಮಾನನಾದ್ರೂ ನಿಲ್ಲಿಸಲಿ, ನೀನು ತುಟಿ ಪಿಟಕ್ ಅನ್ನಬಾರದು."

ಈ ಸಲ ಕೆಂಡಕ್ಕ ನಾಲ್ಕು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಹೊಟ್ಟು ಕಲಸಿದಳು. ಜೋಡಿಸುವಾಗ ನಡುನಡುವೆ ಗಾಳಿ ಆಡಲು ಸಂದು ಬಿಟ್ಟಳು. ಸೌದೆ ಅರ್ಧಕ್ಕರ್ಧ ಇಳಿಸಿದಳು. ಗೂಡು ಬಿಚ್ಚಿದಾಗ ಹದವಾಗಿ ಬೆಂದ ಕೆಂಪು ಇಟ್ಟಿಗೆ, ಮೈಯೆಲ್ಲ ಹೊಟ್ಟಿನ ಸಣ್ಣ ಕಲೆ. ಅತ್ತೆ ಒಂದನ್ನು ಎತ್ತಿ ನೋಡಿ, "ಅಯ್ಯೋ, ಇದೇನೇ ಇದು, ಮೊದಲೇ ಮಾಡೋಕೆ ಏನಾಗಿತ್ತೇ ನಿನಗೆ?" ಅಂತ ಕುತ್ತಿಗೆ ತಡವಿಕೊಂಡು ಅತ್ತೇಬಿಟ್ಟಳು. ಕೆಂಡಕ್ಕ ಅವತ್ತೇ ಮುಂದಿನ ಗೂಡಿಗೂ ಹಸಿ ಇಟ್ಟಿಗೆ ಜೋಡಿಸಲು ಶುರು ಮಾಡಿದಳು. ಅದೂ ಎಲ್ಲಿ? ಅಣ್ಣನ ಗೂಟಗಳ ನಟ್ಟನಡುವೆ. ಮೇಸ್ತ್ರಿ ಬರುವ ಹೊತ್ತಿಗೆ ಅದು ಬೆಂಕಿಗೆ ಕಾಯುತ್ತ ನಿಂತಿತ್ತು.

ಒಂದು ಮುಳ್ಳು ಮಾತ್ರ ಅವಳ ಗಂಟಲಲ್ಲಿ ಉಳಿದಿತ್ತು. ಇಟ್ಟಿಗೆ ಕೊಳ್ಳುವವರು ಎರಡು ಇಟ್ಟಿಗೆ ಕೈಗೆತ್ತಿಕೊಂಡು ಕಿವಿಯ ಹತ್ತಿರ ಒಂದಕ್ಕೊಂದು ಬಡಿದು ನೋಡುತ್ತಾರೆ. ಚೆನ್ನಾಗಿ ಬೆಂದದ್ದು ‘ಟಣ್’ ಅನ್ನುತ್ತದೆ, ಅರೆಬೆಂದದ್ದು ‘ಡಬ್’ ಅನ್ನುತ್ತದೆ. ಪರೀಕ್ಷೆಯೇನೋ ಸರಿಯಾದದ್ದೇ. ಆದರೆ ಒಳಗೆಲ್ಲ ತೂತಿರುವ ಇಟ್ಟಿಗೆ ಎಷ್ಟು ಬೆಂದರೂ ಟಣ್ ಅನ್ನುವುದಿಲ್ಲ. ಕೆಂಡಕ್ಕ ಬಡಿದು ನೋಡಿದ್ದಳು. ಡಬ್. ಇನ್ನೊಂದು ಜೊತೆ ತೆಗೆದಳು. ಡಬ್.

ಮೇಸ್ತ್ರಿಗೋ, ಆ ಟಣ್ ಅಂದರೆ ಪ್ರಾಣ. ಹರೆಯದಲ್ಲಿ ಅವನ ಕಿವಿ ಹಿಂಡಿ ಆ ಸದ್ದು ಕೇಳಲು ಕಲಿಸಿದವನೇ ಅಪ್ಪ. ಯಜಮಾನರ ಕಿವಿ ಅಂದರೆ ಸುತ್ತಮುತ್ತಲಿನ ಕಟ್ಟಡದ ಕೆಲಸದವರಿಗೆಲ್ಲ ಕೊನೆಯ ಮಾತು. ಒಳಗಿನ ಬಿರುಕನ್ನೂ ಸದ್ದಿನಲ್ಲೇ ಹಿಡಿಯುತ್ತಾರೆ ಅಂತ ಹೊಗಳಿಕೆ.

ಆ ಕಿವಿಯ ನಿಜ ಗೊತ್ತಿದ್ದದ್ದು ಕೆಂಡಕ್ಕನಿಗೆ ಒಬ್ಬಳಿಗೇ. ಹಿಂದಿನ ಬೇಸಿಗೆಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹಿಂದೆ ಹಿಂದೆ ಬರುತ್ತಿದ್ದರೂ ಅಪ್ಪ ದಾರಿಯಲ್ಲೇ ನಿಂತಿದ್ದ. ಅವಳು ಓಡಿಹೋಗಿ ತೋಳು ಹಿಡಿದು ಎಳೆದಳು. ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳನ್ನು ನೋಡಿದ. ಎಷ್ಟು ದಿನದಿಂದ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿದ ಮೇಲೆ ಬಾಯಿ ಬಿಟ್ಟ.

"ಒಂದು ವರ್ಷ ಆಗಿರಬೇಕು. ಮೊದಲು ಹಕ್ಕಿ ಸದ್ದು ಹೋಯ್ತು. ಆಮೇಲೆ ನಿಮ್ಮತ್ತೆ ಬೈಗುಳ ಹೋಯ್ತು, ಅದೊಂದು ಲಾಭ. ಯಾರಿಗೂ ಹೇಳಬೇಡ ಮಗಳೇ. ಕಿವಿ ಹೋಯ್ತು ಅಂದ್ರೆ ಈ ಅಂಗಳದಲ್ಲಿ ನನಗೆ ಏನು ಕೆಲಸ?"

ಅವಳು ಮಾತು ಕೊಟ್ಟಳು. ಅವತ್ತಿನಿಂದ ಅಪ್ಪನೆದುರು ನಿಂತು, ತುಟಿ ಕಾಣುವ ಹಾಗೆ ನಿಧಾನ ಮಾತಾಡುವುದು ಅವಳಿಗೆ ರೂಢಿಯಾಯಿತು. ಬೇರೆಯವರು ಕೇಳಿದ್ದಕ್ಕೆಲ್ಲ ತಾನೇ ನಡುವೆ ಬಾಯಿ ಹಾಕಿ ಉತ್ತರ ಕೊಟ್ಟು, ಬಾಯಿಬಡುಕಿ ಅನ್ನಿಸಿಕೊಂಡಳು.

ಮೇಸ್ತ್ರಿ ಬಂದ. ಅವನು ಎರಡು ಮಹಡಿಯ ಶಾಲೆ ಕಟ್ಟಿಸುತ್ತಿದ್ದ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಳತೆಯ ಟೇಪು ಜೇಬಿನಲ್ಲಿ ಇಟ್ಟುಕೊಂಡೇ ಬಂದು ನಿಂತಿದ್ದ. ಅಪ್ಪ ಮಹಲಿನ ಮೇಲೆ ಕೂತಿದ್ದ.

ಮೇಸ್ತ್ರಿ ರಾಶಿಯ ನಡುವಿನಿಂದ ಎರಡು ಇಟ್ಟಿಗೆ ಎಳೆದುಕೊಂಡ. ಹುಬ್ಬು ಮೇಲೆ ಹೋಯಿತು. "ಇದೇನಮ್ಮಾ, ಒಳಗೆಲ್ಲ ಟೊಳ್ಳಾ?" ಅಂದ. ಕಿವಿಯ ಹತ್ತಿರ ಹಿಡಿದು ಬಡಿದ. ಡಬ್. ಕೈ ಬದಲಿಸಿ ಬಡಿದ. ಡಬ್.

"ಸದ್ದೇ ಇಲ್ಲವಲ್ಲಮ್ಮ ಇದಕ್ಕೆ."

"ನಾನು ಮಾಡಿದ್ದು ಇಟ್ಟಿಗೆ ಮೇಸ್ತ್ರಿ, ಗಂಟೆ ಅಲ್ಲ" ಅಂದಳು ಕೆಂಡಕ್ಕ.

ಅತ್ತೆ ಕಿಸಕ್ಕನೆ ನಕ್ಕಳು. ಮೇಸ್ತ್ರಿ ನಗಲಿಲ್ಲ. "ತಮಾಷೆ ಬೇಡ. ಮಕ್ಕಳು ಕೂರೋ ಕಟ್ಟಡ ಅದು. ಸದ್ದು ಬರದ ಇಟ್ಟಿಗೆ ಇವತ್ತಿನವರೆಗೆ ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ."

ಅಣ್ಣ ಜೇಬಿನಿಂದ ಟೇಪು ಹೊರಗೆ ತೆಗೆದ. ಎಷ್ಟು ಅವಸರ ನೋಡಿ ಪುಣ್ಯಾತ್ಮನಿಗೆ!

ಆಗ ಅಪ್ಪ ಎದ್ದ. ನಿಧಾನವಾಗಿ ನಡೆದು ಬಂದು ಮೇಸ್ತ್ರಿಯ ಕೈಯಿಂದ ಎರಡೂ ಇಟ್ಟಿಗೆ ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಡಿದ. ಎಲ್ಲರಿಗೂ ಕೇಳಿಸಿದ್ದು ಅದೇ ಡಬ್.

"ಟಣ್ ಅಂತಲ್ಲೋ!" ಅಂದ ಅಪ್ಪ.

ಮೇಸ್ತ್ರಿ ಬೆಪ್ಪಾದ. "ಯಜಮಾನ್ರೇ, ನನಗೆ ಹಾಗೆ..."

ಅಪ್ಪ ಅವನ ಬಾಯಿ ನೋಡಿ ಅರ್ಥ ಮಾಡಿಕೊಂಡ. "ನಿನ್ನ ಕಿವಿಗೆ ಸಿಮೆಂಟು ಮೆತ್ತಿದೆ. ತೊಳ್ಕೊಂಡು ಬಾ ಹೋಗು."

ಇಷ್ಟು ಅಂದು ಅಪ್ಪ ಇಟ್ಟಿಗೆಗಳನ್ನು ರಾಶಿಯ ಮೇಲಿಟ್ಟು, ಬೆನ್ನು ತಿರುಗಿಸಿ ಮಹಲಿನ ಕಡೆಗೆ ಹೊರಟ. ಅಂಗಳದವರು ನಕ್ಕರು. ಮೇಸ್ತ್ರಿ ಕಿರುಬೆರಳು ಕಿವಿಗೆ ಹಾಕಿ ಅಲ್ಲಾಡಿಸಿಕೊಂಡ. ತಾನು ಕೇಳಿದ್ದನ್ನು ನಂಬಬೇಕೋ, ಕೇಳಲು ಕಲಿಸಿದವನನ್ನು ನಂಬಬೇಕೋ? ಕೊನೆಗೆ ಕಲಿಸಿದವನನ್ನೇ ನಂಬಿದ.

"ಯಜಮಾನ್ರು ಅಂದ ಮೇಲೆ ಮುಗೀತು. ಎಲ್ಲಾ ಇದನ್ನೇ ಹಾಕಿಬಿಡೋಣ. ಕೆಳಗಿನ ಗೋಡೆಯಿಂದಲೇ ಶುರು ಮಾಡ್ತೀನಿ."

ಅತ್ತೆ ಖುಷಿಗೆ ಕೆಂಡಕ್ಕನ ತೋಳು ಚಿವುಟಿದಳು. ಅಣ್ಣನ ಮುಖ ಸಪ್ಪಗಾಯಿತು. ಗೆದ್ದಳು. ಗೂಡು ಅವಳದಾಯಿತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಅಷ್ಟೇ.

ಆದರೆ ಕೆಳಗಿನ ಗೋಡೆ! ಎರಡು ಮಹಡಿಯ ಭಾರ ಹೊರುವ ಗೋಡೆ. ಅವಳು ಈ ಇಟ್ಟಿಗೆ ಮಾಡಿದ್ದು ಮೇಲಿನ ಅಡ್ಡಗೋಡೆಗೆ. ಅಲ್ಲಿ ಭಾರ ಹೊರುವುದು ಕಂಬ, ಇಟ್ಟಿಗೆ ಬರೀ ಮರೆ. ಕೆಳಗೆ ಹಾಕಿದರೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ. ಕೆಂಡಕ್ಕನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಅಪ್ಪನ ಮೇಲೆ. ನನ್ನ ಇಟ್ಟಿಗೆಗೆ ಇವನ ಸುಳ್ಳಿನ ಊರುಗೋಲು ಬೇಕಿತ್ತಾ? ಅದು ಏನಾಗಿದೆಯೋ ಅದೇ ಆಗಿ ನಿಲ್ಲಲಾರದಾ?

"ಇಲ್ಲ!" ಅಂತ ಕಿರುಚಿದಳು. "ಕೆಳಗಿನ ಗೋಡೆಗೆ ನಾನು ಕೊಡಲ್ಲ. ಅದು ಟಣ್ ಅನ್ನಲಿಲ್ಲ ಮೇಸ್ತ್ರಿ. ಡಬ್ ಅಂತು. ನಿಮ್ಮ ಕಿವಿ ಸರಿಯಾಗೇ ಇದೆ."

ಮೇಸ್ತ್ರಿ ತಬ್ಬಿಬ್ಬಾದ. ಅಣ್ಣನಿಗೆ ಹೋದ ಜೀವ ಬಂತು. "ಅಪ್ಪಾ, ಏನಿದು? ಯಾರ ಮಾತು ನಿಜ?" ಅಂದ. ಅಪ್ಪನ ಬೆನ್ನು ತಿರುಗಲಿಲ್ಲ. "ಅಪ್ಪಾ!" ಅಂತ ಗಂಟಲು ಹರಿಯುವ ಹಾಗೆ ಕೂಗಿದ. ಅಪ್ಪ ತನ್ನ ಪಾಡಿಗೆ ತಾನು ಮಹಲಿನ ಮೇಲೆ ಕೂತು, ಬೆವರು ಒರೆಸಿಕೊಂಡು, ಆಮೇಲೆ ತಲೆ ಎತ್ತಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಅವನ ಕಣ್ಣು ಮಗಳ ಮುಖ ಹುಡುಕಿತು.

ಅವಳು ಮಾತು ಕೊಟ್ಟಿದ್ದಳು. ಕಿವಿಯ ವಿಷಯ ಎತ್ತುವ ಹಾಗಿಲ್ಲ. ಅಪ್ಪನೆದುರು ಹೋಗಿ ನಿಂತು, ತುಟಿ ಕಾಣುವ ಹಾಗೆ, ಆದದ್ದನ್ನಷ್ಟೇ ಹೇಳಿದಳು.

"ಅಪ್ಪ, ಅದನ್ನ ಕೆಳಗಿನ ಗೋಡೆಗೆ ಹಾಕ್ತಾರಂತೆ. ಟಣ್ ಅನ್ನಲಿಲ್ಲ ಅಂತ ನಾನು ಹೇಳಿಬಿಟ್ಟೆ."

ಅಪ್ಪನಿಗೆ ಮೇಸ್ತ್ರಿ ಹೇಳಿದ್ದು ಕೇಳಿಸಿಯೇ ಇರಲಿಲ್ಲ. ಮಗಳ ತುಟಿ ಓದಿದ ಕೂಡಲೇ ಎದ್ದು ಮೇಸ್ತ್ರಿಯ ಎದುರು ಬಂದ. ಬೆರಳಿನಿಂದ ತನ್ನ ಕಿವಿ ತೋರಿಸಿದ.

"ಇದು ಸತ್ತು ಎರಡು ವರ್ಷ ಆಯ್ತು. ಏನೂ ಕೇಳಿಸಲ್ಲ ನನಗೆ. ಮಗಳಿಗೋಸ್ಕರ ಸುಳ್ಳು ಹೇಳಿದೆ. ಅವಳಿಗೆ ಅದು ಬೇಡವಂತೆ."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಣ್ಣ ಕೂಡ ಒಂದು ಕ್ಷಣ ಟೇಪು ಮರೆತ. ಮೇಸ್ತ್ರಿ ಏನೋ ಗೊಣಗಿದ. ಕೆಂಡಕ್ಕ ಅದನ್ನು ಅಪ್ಪನಿಗೆ ತಲುಪಿಸಿದಳು. "ಹಾಗಾದ್ರೆ ಹೋದ ವರ್ಷ, ಅದರ ಹಿಂದಿನ ವರ್ಷ ತಗೊಂಡು ಹೋದ ಇಟ್ಟಿಗೆ ಯಾರು ಆರಿಸಿದ್ದು ಅಂತ ಕೇಳ್ತಿದ್ದಾರೆ."

"ನಾನೇ" ಅಂದ ಅಪ್ಪ. ಈಗ ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ. "ಕೈಯಿಂದ ಆರಿಸಿದ್ದು. ತೂಗಿ ನೋಡಿ, ಬಣ್ಣ ನೋಡಿ, ಉಗುರಲ್ಲಿ ಕೆರೆದು. ಕಿವಿ ಹತ್ತಿರ ಹಿಡೀತಿದ್ದದ್ದು ನೀವೆಲ್ಲ ನೋಡಲಿ ಅಂತ. ಯಾವುದಾದ್ರೂ ಒಂದು ಬಿರುಕು ಬಿಡ್ತೇನೋ? ಹೇಳು. ಎರಡು ವರ್ಷದಿಂದ ನೀನು ಹೊಗಳ್ತಾ ಬಂದಿದ್ದು ಕಿವುಡನ ಇಟ್ಟಿಗೆನ."

ಮೇಸ್ತ್ರಿ ಇಲ್ಲ ಅಂತ ತಲೆಯಾಡಿಸಿದ. ಯಾವುದೂ ಬಿರುಕು ಬಿಟ್ಟಿರಲಿಲ್ಲ.

ಕೆಂಡಕ್ಕ ಅವಕಾಶ ಬಿಡುವವಳೇ? "ನನ್ನದನ್ನೂ ಕೈಯಿಂದ ನೋಡಿ ಮೇಸ್ತ್ರಿ. ಕೆರೆದು ನೋಡಿ, ಎತ್ತಿ ಹಾಕಿ, ನೀರಲ್ಲಿ ನೆನೆಸಿ. ಭಾರ ಹೊರೋ ಗೋಡೆಗೆ ನೀವು ಕಾಲು ಹಿಡಿದ್ರೂ ಕೊಡಲ್ಲ. ಮೇಲಿನ ಅಡ್ಡಗೋಡೆಗೆ ಇದಕ್ಕಿಂತ ಒಳ್ಳೆಯದು ನಿಮಗೆ ಎಲ್ಲೂ ಸಿಗಲ್ಲ. ಬೇಡವಾ? ಬಿಡಿ. ಇದೇ ಅಂಗಳದಲ್ಲಿ ನಾನೇ ನನಗೊಂದು ಮನೆ ಕಟ್ಕೊಂಡು ಕೂರ್ತೀನಿ. ಆದ್ರೆ ಟಣ್ ಅನ್ನಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಬೇಡ ಅಂದ್ರೆ ಮಾತ್ರ ನಾನು ಒಪ್ಪಲ್ಲ."

ಮೇಸ್ತ್ರಿ ಮೊಳೆಯಿಂದ ಕೆರೆದ. ಪುಡಿ ಉದುರಲಿಲ್ಲ. ಎದೆಯೆತ್ತರದಿಂದ ಕಲ್ಲುನೆಲದ ಮೇಲೆ ಬಿಟ್ಟ. ಒಂದು ಮೂಲೆ ಚೂರಾಯಿತು, ಇಟ್ಟಿಗೆ ಒಡೆಯಲಿಲ್ಲ. ನೀರಿನ ತೊಟ್ಟಿಗೆ ಹಾಕಿ ಊಟ ಮುಗಿಸಿ ಬಂದು ನೋಡಿದ. ನೀರು ಸ್ವಲ್ಪ ಜಾಸ್ತಿಯೇ ಕುಡಿದಿತ್ತು. "ಕಟ್ಟೋ ಮೊದಲು ಚೆನ್ನಾಗಿ ನೆನೆಸಬೇಕು. ಮೇಲೆ ಗಾರೆ ಮೆತ್ತದೆ ಬಿಡೋ ಹಾಗಿಲ್ಲ" ಅಂದಳು ಕೆಂಡಕ್ಕ, ಅವನು ಕೇಳುವ ಮೊದಲೇ. ಅವನಿಗೆ ಇನ್ನೂ ಮನಸ್ಸು ಬಗ್ಗಲಿಲ್ಲ. ಇಟ್ಟಿಗೆ ಹಿಡಿದುಕೊಂಡು, ಕಿವಿಯ ಹತ್ತಿರ ಒಯ್ಯಲೋ ಬೇಡವೋ ಅಂತ ನಿಂತ.

"ಕಿವಿ ಬಿಡೋ, ತಲೆ ಮೇಲೆ ಹೊತ್ತು ನೋಡು" ಅಂದಳು ಅತ್ತೆ. "ನೀನು ಹೊತ್ತು ಎಷ್ಟು ಕಾಲ ಆಯ್ತು?"

ಅವಳೇ ಹಲಗೆ ತಂದಳು. ಮೇಸ್ತ್ರಿ ಬೇಡ ಬೇಡ ಅನ್ನುತ್ತಿದ್ದರೂ ತಲೆಗೆ ಸಿಂಬಿ ಇಟ್ಟು, ಹಲಗೆ ಹೊರಿಸಿ, ತಾನು ದಿನಾ ಹೊರುತ್ತಿದ್ದಷ್ಟೇ ಇಟ್ಟಿಗೆ ಜೋಡಿಸಿದಳು. ಮೇಸ್ತ್ರಿ ಗೂಡಿನ ಮೆಟ್ಟಿಲು ಹತ್ತಿದ. ಮೇಲೆ ಹೋಗಿ ನಿಂತ. ಉಸಿರು ಸಿಕ್ಕಿಕೊಳ್ಳುತ್ತದೆ ಅಂತ ಕಾದ. ಸಿಕ್ಕಿಕೊಳ್ಳಲಿಲ್ಲ. ಅಲ್ಲಿಂದಲೇ ಅತ್ತೆಯ ವಾಲಿದ ಕುತ್ತಿಗೆ ನೋಡಿದ. ಆ ಕುತ್ತಿಗೆಯ ಮೇಲೆ ಬಂದ ಇಟ್ಟಿಗೆಯಿಂದಲೇ ಅವನು ಜೀವಮಾನವೆಲ್ಲ ಗೋಡೆ ಕಟ್ಟಿದ್ದ.

"ಕೆಳಗಿನ ಗೋಡೆಗೆ ಹಳೇ ಥರದ ಇಟ್ಟಿಗೆ ಕೊಡು" ಅಂದ ಇಳಿದು ಬಂದು. "ಮೇಲಿನ ಅಡ್ಡಗೋಡೆಗೆಲ್ಲ ಇದೇ."

"ಅದು ಆಗಲ್ಲ!" ಅಣ್ಣ ನಡುವೆ ಬಂದ. "ಒಪ್ಪಿ ತಗೊಂಡ್ರೆ ಅಂತ ಮಾತು. ಅರ್ಧ ತಗೊಳ್ಳೋದು ಒಪ್ಪಿದ ಹಾಗಲ್ಲ. ಮೇಲಾಗಿ, ಆ ಮಾತು ಹೇಳಿದ್ದೇ ಕಿವಿ ಕೇಳಿಸದೋರು. ನಾವು ಆವತ್ತು ಏನಂದ್ವಿ ಅಂತ ಇವರಿಗೆ ಎಷ್ಟು ಗೊತ್ತಾಗಿತ್ತೋ ಏನೋ! ಅಪ್ಪಾ, ನೀನು ಸುಮ್ಮನೆ ಮನೇಲಿ ಕೂತ್ಕೋ, ಇನ್ನು ಇದೆಲ್ಲ ನಾನು ನೋಡ್ಕೋತೀನಿ."

ಕೆಂಡಕ್ಕ ಅಣ್ಣನ ಮೇಲೆ ಹರಿಹಾಯಲು ಬಾಯಿ ತೆಗೆದಳು. ಬೇಕಾಗಲಿಲ್ಲ. ಅಣ್ಣ ಬಾಯಿ ತೆರೆಯುವ ಹೊತ್ತಿಗೇ ಅಪ್ಪ ಅವನಿಗೆ ಬೆನ್ನು ಹಾಕಿ ಮೊದಲನೆಯ ಗೂಟದ ಹತ್ತಿರ ಬಗ್ಗಿದ್ದ. ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತ. ಕಂಕುಳಿಗೆ ಸಿಕ್ಕಿಸಿಕೊಂಡ. ಮುಂದಿನದಕ್ಕೆ ಹೋದ.

"ಅಪ್ಪಾ! ಅದನ್ನ ಯಾಕೆ ಕೀಳ್ತೀಯಾ? ಅಳತೆ ಮಾಡಿ ಹೊಡೆದಿದ್ದು ಅದು!"

ಅಪ್ಪ ಅದನ್ನೂ ಕಿತ್ತ. ಅಣ್ಣ ಹಿಂದೆ ಹಿಂದೆ ಕೂಗುತ್ತ ಹೋದ. ಜಾಗದ ಬೆಲೆ ಹೇಳಿದ, ಲಾರಿಯವರಿಗೆ ಕೊಟ್ಟ ಮಾತು ಹೇಳಿದ, ಬೇಡಿಕೊಂಡ, ಕೊನೆಗೆ ಬೈದ. ಅಪ್ಪನ ನಡಿಗೆ ಒಂದಿಷ್ಟೂ ಬದಲಾಗಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಒಂದೂ ಬಿಡದೆ ಕಿತ್ತು, ಹಗ್ಗವನ್ನು ಅಣ್ಣನ ಹೆಗಲಿಗೆ ಹಾಕಿ, ಗೂಟದ ಹೊರೆಯನ್ನು ತಂದು ಹೊಸ ಗೂಡಿನ ಬಾಯಿಯ ಮುಂದೆ ಸುರಿದ. ಅತ್ತೆಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು.

"ಈ ಗೂಡಿಗೆ ಅರ್ಧ ಸೌದೆ ಸಾಕು ಅಂದಿದ್ದೆ ಅಲ್ವಾ ನೀನು?" ಅಂದ ಅಪ್ಪ ಮಗಳಿಗೆ, ಕೈಯ ಮಣ್ಣು ಕೊಡವುತ್ತ. "ಶುರು ಮಾಡೋಕೆ ಇಷ್ಟು ಆಗುತ್ತಾ ನೋಡು."

"ಆಗುತ್ತೆ" ಅಂದಳು ಕೆಂಡಕ್ಕ, ಅವನಿಗೆ ಕಾಣುವ ಹಾಗೆ.

ಗೂಟಗಳನ್ನು ಒಂದೊಂದಾಗಿ ಗೂಡಿನ ಬಾಯಿಗೆ ತುರುಕಿದಳು. ಕೊನೆಯದನ್ನು ಹಿಡಿದುಕೊಂಡು ಅಣ್ಣನ ಕಡೆಗೊಮ್ಮೆ ನೋಡಿದಳು, ಅದನ್ನೂ ಒಳಗೆ ತಳ್ಳಿ ಬೆಂಕಿ ಕಡ್ಡಿ ಗೀರಿದಳು. ಒಣ ಮರ, ಚಟಪಟ ಅಂತ ಹತ್ತಿಕೊಂಡಿತು. ಅಪ್ಪನಿಗೆ ಆ ಸದ್ದು ಕೇಳಿಸಲಿಲ್ಲ. ಅಂಗೈಯನ್ನು ಗೂಡಿನ ಗೋಡೆಗೆ ಒತ್ತಿ, ಬಿಸಿ ಬರುವವರೆಗೆ ಹಾಗೇ ನಿಂತ.